ವಿಕಲಚೇತನ ಮಕ್ಕಳು: ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ಉದ್ಯೋಗಕ್ಕೆ

ಹತ್ತನೆಯ ತರಗತಿಯವರೆಗೆ ವಿಕಲಚೇತನ ವಿದ್ಯಾರ್ಥಿಯ ಶಕ್ತಿಯನ್ನೂ ಮಿತಿಯನ್ನೂ ಶಿಕ್ಷಕರು ಬಲ್ಲವರಾಗಿರುತ್ತಾರೆ. ಕಾಲೇಜಿನಲ್ಲಿ ಆ ಪರಿಚಯವಿರುವುದಿಲ್ಲ. ಶಾಲೆಯಲ್ಲಿ ಕೇಳದೆಯೇ ದೊರೆತ ನೆರವನ್ನು ಅಲ್ಲಿ ದಾಖಲೆ ಒದಗಿಸಿ ಪಡೆಯಬೇಕು. ಪ್ರತಿಭಾವಂತರು ಸಹ ಈ ತಿರುವಿನಲ್ಲಿಯೇ ಹಿಂದುಳಿಯುವುದನ್ನು ನಾವು ಕಂಡಿದ್ದೇವೆ.

ಪ್ರಮಾಣಪತ್ರ: 1995ರ ಕಾಯಿದೆ 7 ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ, ಕಲಿಕಾ ನ್ಯೂನತೆ, ಥಲಸ್ಸೇಮಿಯಾ ಮೊದಲಾದವುಗಳನ್ನೂ ಸೇರಿಸಿ 21 ಬಗೆಗಳನ್ನು ಹೆಸರಿಸಿತು. ಮೀಸಲಾತಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯವಿರಬೇಕು. ಈ ಕಾಯಿದೆಯನ್ವಯ ಪಡೆದ ಪ್ರಮಾಣಪತ್ರಕ್ಕೆ ದೇಶಾದ್ಯಂತ ಮಾನ್ಯತೆಯಿದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಯುಡಿಐಡಿ ಕಾರ್ಡನ್ನು ಹತ್ತನೆಯ ತರಗತಿ ಮುಗಿಯುವ ಮೊದಲೇ ಮಾಡಿಸಿಕೊಳ್ಳುವುದು ಲೇಸು.

ಕಾಲೇಜು: ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳು ಮೀಸಲು; ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಹನ್ನೊಂದನೆಯ ತರಗತಿಯಿಂದ ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಸ್ಕ್ರೈಬ್ ಹಾಗೂ ಹೆಚ್ಚುವರಿ ಸಮಯದ ಸೌಲಭ್ಯಗಳಿವೆ. ವೈಕಲ್ಯ ಶೇ. 40ಕ್ಕಿಂತ ಕಡಿಮೆಯಿದ್ದರೂ, ಬರೆಯಲು ನಿಜವಾಗಿ ಅಡಚಣೆಯಿರುವ ಅಭ್ಯರ್ಥಿಗೆ ಸ್ಕ್ರೈಬ್ ನಿರಾಕರಿಸಲಾಗದೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಶಾಲೆಯಲ್ಲಿ ಪಡೆದ ಸೌಲಭ್ಯಗಳ ಕುರಿತು ಮುಖ್ಯೋಪಾಧ್ಯಾಯರಿಂದ ಪತ್ರ ಪಡೆದಿಟ್ಟುಕೊಂಡರೆ ಪ್ರವೇಶದ ವೇಳೆ ಉಪಯುಕ್ತ.

ಉದ್ಯೋಗ: ಸರಕಾರಿ ಸಂಸ್ಥೆಗಳಲ್ಲಿ ಕನಿಷ್ಠ ಶೇ. 4ರಷ್ಟು ಮೀಸಲಾತಿಯಿದೆ. ದೃಷ್ಟಿ, ಶ್ರವಣ, ಚಲನಾಂಗಗಳ ವೈಕಲ್ಯಕ್ಕೆ ತಲಾ ಶೇ. 1, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ, ಬಹುವೈಕಲ್ಯಗಳಿಗೆ ಒಟ್ಟಾಗಿ ಶೇ. 1. ಯಾವ ಹುದ್ದೆ ಯಾವ ವೈಕಲ್ಯಕ್ಕೆ ಗುರುತಿಸಲ್ಪಟ್ಟಿದೆ ಎಂಬುದನ್ನು ಜಾಹೀರಾತಿನಲ್ಲಿ ಗಮನವಿಟ್ಟು ಓದಬೇಕು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳಿಂದ ದೃಷ್ಟಿಹೀನರೂ ಬ್ಯಾಂಕಿನ ಕೆಲಸ ನಿರ್ವಹಿಸಬಲ್ಲರು. ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಕಾಲೇಜಿನಲ್ಲಿಯೇ ಅದರ ಅಭ್ಯಾಸವಾಗಿರಬೇಕು.

ಹದಿನೆಂಟು ತುಂಬಿದಾಗ: ಬ್ಯಾಂಕಿನ ನೌಕರರಾಗಿ ಇನ್ನೊಂದು ಮಾತು. ಮಗ ಅಥವಾ ಮಗಳಿಗೆ 18 ವರ್ಷ ತುಂಬಿದೊಡನೆ ತಂದೆ ತಾಯಿ ಪಾಲಕರೆಂದು ಸಹಿ ಹಾಕುವ ಅಧಿಕಾರ ಕೊನೆಗೊಳ್ಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯವುಳ್ಳವರು ಸ್ವತಃ ವ್ಯವಹರಿಸಲಾರದಿದ್ದಲ್ಲಿ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯನ್ವಯ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕತ್ವ ಪತ್ರ ಪಡೆಯಬಹುದು.

ಉಳಿದವರು ತಮ್ಮ ಅಗತ್ಯವನ್ನು ತಾವೇ ಹೇಳಿಕೊಳ್ಳುವುದನ್ನು ಕಲಿಯಲಿ. ಪ್ರವೇಶದ ದಿನ ಕಡತ ತಂದೆಯ ಕೈಯಲ್ಲಿದ್ದರೂ ಮಾತು ವಿದ್ಯಾರ್ಥಿಯದಾಗಿರಲಿ. ನಾಳೆ ಸಂದರ್ಶನದ ಕೊಠಡಿಯೊಳಗೆ ಅವರೊಬ್ಬರೇ ಹೋಗಬೇಕಾಗಿದೆ.