ಸೂಲಗಿತ್ತಿ ವೃತ್ತಿ: ಭಾರತದಲ್ಲಿ ತರಬೇತಿ ಮತ್ತು ನೋಂದಣಿಯ ಇತಿಹಾಸ

ಹೆರಿಗೆ ಮಾಡಿಸುವಾಕೆ ಸೂಲಗಿತ್ತಿ. ಈ ಹೆಸರು ಕನ್ನಡದಲ್ಲಿ ಊರಿನ ಅನುಭವಸ್ಥೆಗೆ ಸಲ್ಲುತ್ತದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಮನ್ನಣೆ ಸಿಕ್ಕಿದ್ದು ಶಾಲೆಯಲ್ಲಿ ಕಲಿಯದ ವಿದ್ಯೆಗೆ. ಓದಿ, ಪರೀಕ್ಷೆ ಪಾಸಾಗಿ, ನೋಂದಣಿ ಪಡೆದ ಸೂಲಗಿತ್ತಿಗೆ ಮಾತ್ರ ನಮ್ಮಲ್ಲಿ ಬೇರೆ ಹೆಸರಿಲ್ಲ. ಅವಳು ನರ್ಸಮ್ಮ, ಇಲ್ಲವೇ ಸಿಸ್ಟರ್. ಸ್ವತಂತ್ರ ಭಾರತ ಈಕೆಗೆ ತರಬೇತಿಯನ್ನೇನೋ ಕೊಟ್ಟಿತು, ಆದರೆ ಹೆರಿಗೆಯನ್ನೇ ಅವಳ ವೃತ್ತಿಯಾಗಿ ಉಳಿಯಗೊಡಲಿಲ್ಲ.

ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ 1871ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. 1885ರ ಡಫರಿನ್ ನಿಧಿ ಹೆಣ್ಣುಮಕ್ಕಳ ಚಿಕಿತ್ಸೆಗೂ ತರಬೇತಿಗೂ ಹಣ ಒದಗಿಸಿತು. ಲೇಡಿ ಕರ್ಜನ್ 1903ರಲ್ಲಿ ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿ ಊರ ದಾಯಿಯರಿಗೆ ಶುಚಿತ್ವದ ಪಾಠ ಹೇಳಿಸಿತು. ದಾದಿಯರ ಮತ್ತು ಸೂಲಗಿತ್ತಿಯರ ನೋಂದಣಿಗೆ ಮದ್ರಾಸ್ ಪ್ರಾಂತ್ಯ 1926ರಲ್ಲೇ ಕಾನೂನು ಮಾಡಿತು. ಇಷ್ಟಾಗಿಯೂ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ಲೆಕ್ಕದಲ್ಲಿ ಇಡೀ ದೇಶಕ್ಕೆ ಸಿಕ್ಕಿದ್ದು ಸುಮಾರು 7,000 ದಾದಿಯರು, 5,000 ಸೂಲಗಿತ್ತಿಯರು. ಅಂದರೆ 60,000 ಜನಕ್ಕೆ ಒಬ್ಬ ಸೂಲಗಿತ್ತಿ. ಮರುವರ್ಷ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಪಠ್ಯದ ಮಟ್ಟ ಗೊತ್ತುಮಾಡುವುದು ಪರಿಷತ್ತಿನ ಪಾಲಿಗೆ, ನೋಂದಣಿ ರಾಜ್ಯಗಳ ಪಾಲಿಗೆ ಹೋಯಿತು. ಕರ್ನಾಟಕದ ಕಾಯ್ದೆ 1961ರದು. ಯಾರು ಕಲಿತಿದ್ದಾರೆ ಎಂಬುದನ್ನು ಈ ಕಾನೂನುಗಳು ಬರೆದಿಟ್ಟವು. ಕಲಿತವರು ಆ ಕೆಲಸವನ್ನೇ ಮಾಡುತ್ತಿದ್ದಾರೆಯೇ ಎಂದು ಕೇಳಲಿಲ್ಲ.

ಪಂಜಾಬಿನ ತರನ್ ತಾರನ್‌ನಲ್ಲಿ 1951ರಲ್ಲಿ ಎರಡು ವರ್ಷಗಳ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ತರಬೇತಿ ಶುರುವಾಯಿತು. ಹಳ್ಳಿಯ ಬಸುರಿ ಬಾಣಂತಿಯರ ಆರೈಕೆಯೇ ಅದರ ಗುರಿ. ಕರ್ತಾರ್ ಸಿಂಗ್ ಸಮಿತಿ 1973ರಲ್ಲಿ ಇದೇ ಎಎನ್‌ಎಂಳನ್ನು ಬಹೂದ್ದೇಶ ಕಾರ್ಯಕರ್ತೆಯಾಗಿಸಲು ಹೇಳಿತು. 1977ರಲ್ಲಿ ತರಬೇತಿ 18 ತಿಂಗಳಿಗೆ ಇಳಿಯಿತು. ಲಸಿಕೆ ಪೆಟ್ಟಿಗೆ ಹೆಗಲಿಗೆ ಬಂತು. ಕುಟುಂಬ ಯೋಜನೆಯ ಗುರಿ, ಮನೆ ಮನೆ ಸಮೀಕ್ಷೆ, ರಾಶಿ ರಿಜಿಸ್ಟರುಗಳು ಬಂದವು. ಹೆರಿಗೆ ಕೈತಪ್ಪಿತು. ಒಬ್ಬಳೇ ಎಲ್ಲವನ್ನೂ ನೋಡಿಕೊಂಡರೆ ಖರ್ಚು ಕಡಿಮೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ, ಬಡ ದೇಶಕ್ಕೆ ಅದು ನಿಜವಾದ ಇಕ್ಕಟ್ಟು. ಆದರೆ ಹೆರಿಗೆ ಕೈಯಲ್ಲಿ ಉಳಿಯುವ ವಿದ್ಯೆ, ಮಾಡದೆ ಬಿಟ್ಟರೆ ಮರೆತುಹೋಗುತ್ತದೆ.

ಶ್ರೀಲಂಕಾ ಬೇರೆ ದಾರಿ ಹಿಡಿಯಿತು. ಕೊಲಂಬೊದಲ್ಲಿ 1881ರಲ್ಲಿ ಸೂಲಗಿತ್ತಿಯರ ತರಬೇತಿ, 1926ರಲ್ಲಿ ಕಲುತರ ಆರೋಗ್ಯ ಘಟಕ. ಅಲ್ಲಿಂದಾಚೆ ನಿಗದಿತ ಜನಸಂಖ್ಯೆಗೆ ಒಬ್ಬ ಸೂಲಗಿತ್ತಿ, ಅವಳ ಮೇಲೆ ಉಸ್ತುವಾರಿ, ಹಿಂದೆ ಆಸ್ಪತ್ರೆಯ ಆಸರೆ. 1930ರ ದಶಕದಲ್ಲಿ ಲಕ್ಷ ಜನನಕ್ಕೆ 1,500ಕ್ಕೂ ಹೆಚ್ಚಿದ್ದ ತಾಯಿಮರಣ ಶತಮಾನ ಮುಗಿಯುವಷ್ಟರಲ್ಲಿ 100ಕ್ಕಿಂತ ಬಹಳ ಕೆಳಗಿಳಿದಿತ್ತು. ಅದು ಪುಟ್ಟ ದೇಶ, ಅಲ್ಲಿ ಹೆಣ್ಣುಮಕ್ಕಳು ಓದಿದವರು ಎಂಬ ಆಕ್ಷೇಪ ಸರಿಯೇ. ಆದರೂ ಓದು ಹೆಣ್ಣನ್ನು ಆಸ್ಪತ್ರೆಯ ಬಾಗಿಲವರೆಗೆ ತರಬಲ್ಲದು, ಹೆರಿಗೆಯ ಹೊತ್ತಿಗೆ ನುರಿತ ಕೈ ಬೇಕೇ ಬೇಕು.

ಭಾರತದಲ್ಲಿ ಆಸ್ಪತ್ರೆ ಹೆರಿಗೆಗಳು ಹೆಚ್ಚಿ, ಸೂಲಗಿತ್ತಿಯಿಲ್ಲದೆಯೇ ತಾಯಿಮರಣ ಇಳಿಯಿತಲ್ಲ ಎನ್ನುವವರೂ ಇದ್ದಾರೆ. 2014-16ರಲ್ಲಿ 130 ಇದ್ದದ್ದು 2018-20ರಲ್ಲಿ 97 ಆಯಿತು. ಇದು ದೊಡ್ಡ ಸಾಧನೆ. ಹಾಗಂತ ಹೆರಿಗೆ ಕೋಣೆಯ ಕೆಲಸ ಹಗುರಾಗಲಿಲ್ಲ. ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ, ನಾಲ್ಕು ಗಂಟೆಗೊಮ್ಮೆ ಗರ್ಭಕೊರಳು ಎಷ್ಟು ತೆರೆದಿದೆ ಎಂಬುದನ್ನು ಗುರುತಿಸಬೇಕು. ಈ ಗುರುತುಗಳ ಗೆರೆ ಹಾಳೆಯಲ್ಲಿನ ಎಚ್ಚರಿಕೆ ಗೆರೆಯಿಂದ ಬಲಕ್ಕೆ ಸರಿದರೆ ಹೆರಿಗೆ ತಡವಾಗುತ್ತಿದೆ ಎಂದು ಆಗಲೇ ತಿಳಿಯುತ್ತದೆ. ಮೂರು ವಾರ್ಡುಗಳಿಗೆ ಓಡಾಡುವ ನರ್ಸ್ ಆ ಗೆರೆಯ ಮೇಲೆ ಕಣ್ಣಿಡುವುದಾದರೂ ಹೇಗೆ? ಅವಳನ್ನು ಹೆರಿಗೆ ಕೋಣೆಯಲ್ಲೇ ನಿಲ್ಲಿಸುವುದು ಸಿಬ್ಬಂದಿ ಹಂಚಿಕೆಯ ಪ್ರಶ್ನೆ, ಅದನ್ನು ತರಬೇತಿಯೊಂದೇ ಬಗೆಹರಿಸದು.

ಕೇಂದ್ರ ಸರ್ಕಾರ 2018ರಲ್ಲಿ ನರ್ಸುಗಳಿಗೆ 18 ತಿಂಗಳ ವಿಶೇಷ ಸೂಲಗಿತ್ತಿ ತರಬೇತಿಯ ಮಾರ್ಗಸೂಚಿ ಹೊರಡಿಸಿತು. 1947ರ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಬಂದ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಈ ವೃತ್ತಿಯನ್ನು ಹೆಸರೆತ್ತಿ ಗುರುತಿಸಿದೆ. ಇನ್ನು ರಾಜ್ಯಗಳು ತಮ್ಮ ಆಸ್ಪತ್ರೆಗಳ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಸೂಲಗಿತ್ತಿಗೆ ಪ್ರತ್ಯೇಕ ಹುದ್ದೆ ಕೊಡಬೇಕು, ಆ ಹುದ್ದೆಯಲ್ಲಿರುವವಳನ್ನು ಬೇರೆ ವಾರ್ಡಿಗೆ ಕಳಿಸಬಾರದು.