ಬಿಡದಿ ಕಥೆಗಳು, ಭಾಗ 6: ಮೋಟಾರ್ ತಿನ್ನೋ ದುಡ್ಡು ⚙️

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಯಾವ ಶೆಡ್ ಪಕ್ಕ ನಿಂತರೂ ಒಂದು ಗುಂಯ್ ಸದ್ದು. ಪಂಪ್, ಕಂಪ್ರೆಸರ್, ಫ್ಯಾನ್, ಕನ್ವೇಯರ್, ಬಹುತೇಕ ಎಲ್ಲದರ ಹಿಂದೆ ಇರೋದು ಇಂಡಕ್ಷನ್ ಮೋಟಾರ್.

ನಿಕೋಲಾ ಟೆಸ್ಲಾಗೆ ಇದರ ಪೇಟೆಂಟ್ ಸಿಕ್ಕಿದ್ದು 1888ರಲ್ಲಿ. ನಮ್ಮ ರಾಜ್ಯದಲ್ಲಿ ಕರೆಂಟು ಮೊದಲು ದುಡಿದದ್ದೂ ಯಂತ್ರಕ್ಕೇ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಯ್ತು, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. 1946ರಲ್ಲಿ ಬೆಂಗಳೂರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾಯ್ತು. ಅದೇ ಮನೆತನದ ಹೆಸರು 1999ರ ಕೊನೆಗೆ ಟೊಯೋಟಾ ಜೊತೆ ಬಿಡದಿಯಲ್ಲಿ ಕಾರು ಮಾಡತೊಡಗಿತು.

ಮೋಟಾರ್ ಬಿಸಿಯಾಗುತ್ತಲ್ಲ, ಆ ಬಿಸಿಯೇ ನಷ್ಟ. ತಾಮ್ರದ ಸುರುಳಿ, ರೋಟರ್, ಕಬ್ಬಿಣದ ಕೋರ್, ಬೇರಿಂಗ್, ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಸೋರುತ್ತೆ. ತಾಮ್ರ ಜಾಸ್ತಿ ಹಾಕಿ, ಕೋರ್‌ಗೆ ತೆಳುವಾದ ಒಳ್ಳೇ ಉಕ್ಕಿನ ಹಾಳೆ ಜೋಡಿಸಿದರೆ ಸೋರಿಕೆ ಕಮ್ಮಿ. ಆದರೆ ರೇಟ್ ಜಾಸ್ತಿ.

ಇಲ್ಲೇ ಇತಿಹಾಸ ಹಿಂದಕ್ಕೆ ನಡೆದದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಕರೆಂಟ್ ಅಗ್ಗ ಇತ್ತು. ತಯಾರಕರು ತಾಮ್ರ, ಉಕ್ಕು ಉಳಿಸಿದರು, ಮೋಟಾರ್‌ಗಳ ದಕ್ಷತೆ ಇಳಿಯಿತು! 1973ರ ತೈಲ ಬಿಕ್ಕಟ್ಟು ಬಂದ ಮೇಲೆ ಎಲ್ಲರಿಗೂ ಬಿಲ್ ಕಾಣಿಸಿತು. 2008ರಲ್ಲಿ ಐಇ1, ಐಇ2, ಐಇ3 ಅನ್ನೋ ಅಂತರರಾಷ್ಟ್ರೀಯ ದರ್ಜೆಗಳು ಬಂದವು. 2011ರಲ್ಲಿ ನಮ್ಮ ಐಎಸ್ 12615 ಮಾನದಂಡವೂ ಅದೇ ದಾರಿ ಹಿಡಿಯಿತು.

ಈಗ ನಮ್ಮ ಕಾಮರ್ಸ್ ಲೆಕ್ಕ 📒
10 ಎಚ್‌ಪಿ, ನಾಲ್ಕು ಪೋಲ್ ಮೋಟಾರ್. ಐಇ1 ಆದರೆ ದಕ್ಷತೆ 86%, ಐಇ3 ಆದರೆ 90.4%. ಫುಲ್ ಲೋಡ್‌ನಲ್ಲಿ ವರ್ಷಕ್ಕೆ 6,000 ಗಂಟೆ ಓಡಿದರೆ ವ್ಯತ್ಯಾಸ ಸುಮಾರು 2,550 ಯೂನಿಟ್. ಯೂನಿಟ್‌ಗೆ ₹7 ಅಂತ ಹಿಡಿದರೆ ವರ್ಷಕ್ಕೆ ₹17,800ರ ಆಸುಪಾಸು. ಒಂದೇ ಮೋಟಾರ್‌ಗೆ!

ಹಾಗಿದ್ರೂ ಹಳೇದೇ ಯಾಕೆ ಓಡುತ್ತೆ? ಯಂತ್ರ ಮಾಡುವವನು ಅಗ್ಗದ ಮೋಟಾರ್ ಕೂರಿಸಿ ಮಾರುತ್ತಾನೆ, ಬಿಲ್ ಕಟ್ಟೋನು ಇನ್ನೊಬ್ಬ. ದೊಡ್ಡ ಕಂಪನಿ ಆಡಿಟ್ ಮಾಡಿಸಿ ಬದಲಾಯಿಸುತ್ತೆ. ಸಣ್ಣ ಶೆಡ್‌ನವರು ಸುಟ್ಟದ್ದನ್ನೇ ರೀವೈಂಡ್ ಮಾಡಿಸ್ತಾರೆ, ಯಾಕಂದ್ರೆ ಕೈಯಲ್ಲಿ ಇವತ್ತಿನ ದುಡ್ಡು ಅಷ್ಟೇ ಇರುತ್ತೆ. ರೀವೈಂಡಿಂಗ್ ಸರಿಯಾಗದಿದ್ದರೆ ದಕ್ಷತೆ ಇನ್ನೂ ಇಳಿಯುತ್ತೆ, ತಿಂಗಳ ಬಿಲ್ ಏರುತ್ತೆ, ಹೊಸದಕ್ಕೆ ದುಡ್ಡು ಉಳಿಯೋದೇ ಇಲ್ಲ.

ಎಂಜಿನಿಯರಿಂಗ್‌ನವರು ಉತ್ತರ ಕೊಟ್ಟು ಬಹಳ ಕಾಲ ಆಯ್ತು. ಬಾಕಿ ಇರೋದು ಖರೀದಿ ಬೆಲೆ ಪಕ್ಕದಲ್ಲಿ ಹತ್ತು ವರ್ಷದ ಬಿಲ್ ಬರೆಯೋ ಕೆಲಸ. ಅದು ನಮ್ಮ ಸಬ್ಜೆಕ್ಟ್ ಕಣ್ರೋ.

ಮುಂದಿನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ಮೋಟಾರ್ ನೇಮ್‌ಪ್ಲೇಟ್ ಓದಿ. ಐಇ ಎಷ್ಟಿದೆ ಅಂತ ಕಾಮೆಂಟ್ ಮಾಡಿ 👇

#ಬಿಡದಿ #ರಾಮನಗರ #ಬಿಕಾಂಹುಡುಗರು