ಆದವಾನಿ ಸೀಮೆಯ ಕನ್ನಡಿಗರು

ನಾಡಿನ ಎಲ್ಲೆ ಬದಲಾದಾಗ ಜನರು ಮನೆಮಠಗಳನ್ನು ತೊರೆದು ಹೋಗಬೇಕೆಂದೇನೂ ಇಲ್ಲ. ನಿಂತ ನೆಲದಲ್ಲಿಯೇ ಅವರು ಅಲ್ಪಸಂಖ್ಯಾತರಾಗುವುದುಂಟು. 1848ರ ಒಪ್ಪಂದದಿಂದ ಮೆಕ್ಸಿಕೋ ದೇಶದ ಉತ್ತರಭಾಗವು ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದಾಗ ಅಲ್ಲಿಯ ಸ್ಪ್ಯಾನಿಷ್ ನುಡಿಯವರ ಪಾಡು ಹೀಗಾಯಿತು. ನಮ್ಮ ಆದವಾನಿ ಸೀಮೆಯ ಕಥೆಯೂ ಇದಕ್ಕೆ ದೂರವಾದುದಲ್ಲ.

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಮುಂದೆ ಆದವಾನಿ, ಆಲೂರು ತಾಲ್ಲೂಕುಗಳು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆ ಜಿಲ್ಲೆ ಒಡೆಯಿತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದವು. ಮೊದಲಿನೆರಡು ಕರ್ನೂಲು ಜಿಲ್ಲೆಯ ಪಾಲಾದವು.

ಆದರೆ ನುಡಿಯ ಎಲ್ಲೆಯು ಆಡಳಿತದ ಎಲ್ಲೆಯಂತೆ ಒಂದು ದಿನದಲ್ಲಿ ಸರಿಯುವಂತಹುದಲ್ಲ. ಪೆದ್ದತುಂಬಳವೆಂಬ ಊರಿನ ಹೆಸರು ತೆಲುಗು. ಅಲ್ಲಿ ದೊರೆತ ಚಾಲುಕ್ಯರ ಕಾಲದ ಶಾಸನಗಳು ಕನ್ನಡ. ಕನ್ನಡ ದಾಸಸಾಹಿತ್ಯದ ಹಿರಿಯರಾದ ವಿಜಯದಾಸರು 1755ರಲ್ಲಿ ದೇಹವಿಟ್ಟುದು ಚಿಪ್ಪಗಿರಿಯಲ್ಲಿ. ರಾಘವೇಂದ್ರಸ್ವಾಮಿಗಳ ಮಂತ್ರಾಲಯಕ್ಕೆ ಕನ್ನಡನಾಡಿನ ಯಾತ್ರಿಕರು ಇಂದಿಗೂ ತಂಡತಂಡವಾಗಿ ಬರುತ್ತಾರೆ. ತೆಲುಗು, ಕನ್ನಡ, ಉರ್ದು ಮೂರೂ ಈ ಸೀಮೆಯ ಸಂತೆಬೀದಿಯ ಮಾತುಗಳೇ.

1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯು ಎರಡು ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಬೇಕೆಂದು 350ಎ ವಿಧಿ ಹೇಳುತ್ತದೆ. ಅವರ ರಕ್ಷಣೆಗಳನ್ನು ಪರಿಶೀಲಿಸಿ ರಾಷ್ಟ್ರಪತಿಗಳಿಗೆ ವರದಿ ಸಲ್ಲಿಸುವ ವಿಶೇಷಾಧಿಕಾರಿಯನ್ನು 350ಬಿ ವಿಧಿ ಏರ್ಪಡಿಸಿತು. ನುಡಿಯ ಆಧಾರದ ಮೇಲೆ ಶಾಸನಸಭೆಯಲ್ಲಿ ಮೀಸಲು ಸ್ಥಾನವಿಲ್ಲದ ನಮಗೆ ಮನವಿಯ ಒಂದು ದಾರಿ ಇದು. ಆದರೆ 350ಎ ವಿಧಿಯ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಅದರಾಚೆಗೆ ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಕೈಹಿಡಿಯುವವರಾರು? ಪ್ರಾಥಮಿಕ ಶಾಲೆಯಲ್ಲಿಯೂ ಉಪಾಧ್ಯಾಯರಿಲ್ಲದಿದ್ದರೆ, ಪಠ್ಯಪುಸ್ತಕವು ಸಕಾಲಕ್ಕೆ ಬಾರದಿದ್ದರೆ ವಿಧಿಯು ಕಾಗದದ ಮೇಲಿನ ಅಕ್ಷರವಾಗಿಯೇ ಉಳಿಯುತ್ತದೆ.

ನಾಡಿನೊಡನೆ ಬೆರೆಯುವುದು ಬೇರೆ, ಕರಗಿಹೋಗುವುದು ಬೇರೆ. ನಮ್ಮ ಮಕ್ಕಳು ತೆಲುಗನ್ನು ಚೆನ್ನಾಗಿಯೇ ಕಲಿಯಲಿ. ಎರಡು ಲಿಪಿಗಳೂ ಒಂದೇ ಬೇರಿನಿಂದ ಚಿಗುರಿದವಾದ್ದರಿಂದ ಅದು ಕಷ್ಟವೂ ಅಲ್ಲ. ರಾಜ್ಯದ ನುಡಿಯಾದ್ದರಿಂದ ಅಗತ್ಯವೂ ಹೌದು. ಆದರೆ ಅದಕ್ಕಾಗಿ ತಾಯ್ನುಡಿಯನ್ನು ತೆರಬೇಕಾಗಬಾರದು.

ಇನ್ನೊಂದು ಮಾತನ್ನೂ ನಾವು ಮರೆಯಲಾಗದು. ಅದೇ 1953ರ ಗೆರೆಯು ಬಳ್ಳಾರಿಯ ತೆಲುಗರನ್ನು ಆಚೆ ಉಳಿಸಿತು. ಇಲ್ಲಿ ನಾವು ಕೇಳುವ ಶಾಲೆಯನ್ನು ಅಲ್ಲಿ ಅವರು ಕೇಳಿದಾಗ ಕನ್ನಡಿಗರು ಸಂತೋಷದಿಂದ ಕೊಡಬೇಕು. ಹಾಗೆ ಕೊಟ್ಟಾಗಲೇ ನಮ್ಮ ಬೇಡಿಕೆಗೆ ನ್ಯಾಯದ ಬಲ ಬರುತ್ತದೆ.